ಗುರುವಾರ, ಹನ್ನೊಂದು ಗಂಟೆ

ಭಾನುವಾರದಿಂದ ಗುರುವಾರದವರೆಗೆ ಐದು ಸಾಲು,
ದಿನಕ್ಕೆ ನಾಲ್ಕು ಚೌಕ.
ತುಂಬಿಸಿ, ಬಣ್ಣ ಹಚ್ಚಿ, ಲ್ಯಾಮಿನೇಟ್ ಮಾಡಿಸಿ
ಹಜಾರದ ಗೋಡೆಗೆ ಹಾಕಬೇಕಂತೆ, ಎಲ್ಲರಿಗೂ ಕಾಣುವ ಹಾಗೆ.
ಎಲ್ಲರೂ ಅಂದರೆ ಹದಿನಾಲ್ಕು ಜನ.
ಅವರಲ್ಲಿ ಒಂಬತ್ತು ಮಂದಿಗೆ ಗೋಡೆಯೇ ಕಾಣುವುದಿಲ್ಲ.
ಮೇಲಿನವರಿಗೆ ಹೇಳಿದೆ. ನಕ್ಕರು.
ಇನ್‌ಸ್ಪೆಕ್ಷನ್‌ಗೆ ಬರುವವರಿಗೆ ಕಾಣುತ್ತದಲ್ಲ, ಅಂದರು.

ಮುಹರ್ರಕ್‌ನ ಹಳೆಯ ಓಣಿ, ಶನಿವಾರ ರಾತ್ರಿ.
ಎ.ಸಿ.ಯ ಗೊರಕೆಯ ಕೆಳಗೆ ನಾನು,
ಗಂಗೊಳ್ಳಿಯ ಹುಡುಗಿ, ನಲವತ್ತಾರರ ಹುಡುಗಿ,
ಪೆನ್ಸಿಲ್ ಕಚ್ಚುತ್ತ ಕೂತಿದ್ದೇನೆ.

ಎಂಟೂವರೆಗೆ ವ್ಯಾನು. ಒಂಬತ್ತಕ್ಕೆ ಗಾವಾ.
ತೆಳು ಹಳದಿ ಕಾಫಿ ಅದು, ಬಿಳಿ ಬಟ್ಟಲಿಗೆ ಹೊಯ್ದರೆ ಮಾಯ.
ಕಡುನೀಲಿ ಬಟ್ಟಲು ತರಿಸಿದೆ.
ಉಮ್ ಖಲ್ಫಾನ್‌ಗೆ ಈಗ ಎಷ್ಟು ಕಾಣುತ್ತದೆ ಅಂದರೆ
ಅಂಚಿನ ತನಕ ತುಂಬಿದ್ದೀಯ,
ನನ್ನನ್ನು ಎಬ್ಬಿಸಿ ಕಳಿಸುವ ಯೋಚನೆಯಾ ಎಂದು
ಜಗಳ ತೆಗೆಯುವಷ್ಟು.

ಮೋಜಾ ನನ್ನ ಮುಖ ನೋಡಬೇಕಾದರೆ
ಕಿಟಕಿಯ ಕಡೆ ತಿರುಗುತ್ತಾರೆ.
ನಡುವಿನ ನೋಟ ಹೋಗಿದೆ, ಅಂಚು ಉಳಿದಿದೆ.
ಮೊದಲ ತಿಂಗಳೆಲ್ಲ
ನನ್ನ ಮೇಲೆ ಮುನಿಸು ಅಂದುಕೊಂಡಿದ್ದೆ.

ಹತ್ತಕ್ಕೆ ಏನು?
ಹೋದ ವಾರ ಮಣಿ ಪೋಣಿಸುವುದಿತ್ತು,
ಬೆರಳಿಗೆ ಒಳ್ಳೆಯದು ಎಂದು ಕೈಪಿಡಿಯಲ್ಲಿ ಬರೆದಿತ್ತು.
ಬು ಶಾಹೀನ್ ಒಂದನ್ನು ಎತ್ತಿ ಹಲ್ಲಿಗೆ ಉಜ್ಜಿದರು,
ಕೆಳಗಿನ ಹಲ್ಲಿಗೆ, ಮೇಲಿನದು ಸೆಟ್ಟು.
ಪ್ಲಾಸ್ಟಿಕ್, ಅಂದರು.
ಅಪ್ಪನ ಮುತ್ತಿನಂಗಡಿಯಲ್ಲಿ ಏಳನೆಯ ವಯಸ್ಸಿಗೆ ಕೂತವರು.
ಡಬ್ಬಿಯನ್ನು ದೂಡಿದರು.
ಇನ್ನೂರು ಮಣಿ ಕುರ್ಚಿಗಳ ಕೆಳಗೆ.
ಕಾಣದವರು ಕಾಲು ಮೇಲೆತ್ತಿ ಕೂತರು,
ಕಾಣುವವಳು ಮಂಡಿಯೂರಿ ಹೆಕ್ಕಿದೆ.
ಅಲ್ಮೆರಾದ ಅಡಿಗೆ ಮೂರು ಹೋದವು ನೋಡಿ,
ಭುಜಂಗ ಸಾಲ್ಯಾನರು ಅಂದರು.
ಮೂರೇ ಇದ್ದವು.

ಆಗ ನನ್ನ ಕಿವಿಯೋಲೆ ಬಿಚ್ಚಿ
ಬು ಶಾಹೀನರ ಅಂಗೈಗೆ ಹಾಕಿದೆ.
ಹದಿನೆಂಟು ದಿನಾರ್, ಅಸಲಿ ಎಂದು ಬಿಲ್ಲಿದೆ.
ಹಲ್ಲಿಗೆ ಉಜ್ಜಿದರು, ತುಟಿಗಿಟ್ಟರು,
ಹೆಬ್ಬೆರಳಿನ ಕೆಳಗೆ ಬಹಳ ಹೊತ್ತು ಉರುಳಿಸಿದರು.
ಹದಿನಾಲ್ಕು ಜನ ಉಸಿರು ಹಿಡಿದಿದ್ದರು.
'ಸಮುದ್ರದ್ದೇ. ಆದರೆ ಸಾಕಿದ್ದು.
ಅತಿ ದುಂಡಗಿದೆ ಮಗಳೇ,
ದೇವರು ಇಷ್ಟು ಅಚ್ಚುಕಟ್ಟಲ್ಲ.'
ಇನ್ನೊಂದನ್ನೂ ಕೇಳಿ ತೂಗಿದರು.
ಇದು ಅದಕ್ಕಿಂತ ಒಂದು ಅಕ್ಕಿಕಾಳು ಭಾರ.
ಎಂಟು ವರ್ಷ ಹಾಕಿಕೊಂಡ ನನ್ನ ಕಿವಿಗೆ
ಅದು ಗೊತ್ತಿರಲಿಲ್ಲ.

ಹಾಗಾಗಿ ಸೋಮವಾರ ಹತ್ತಕ್ಕೆ, ಬು ಶಾಹೀನರ ಪಾಠ.
ಬರೆದೆ. ಅಳಿಸಿದೆ. ಸೋಮವಾರ ಅವರ ಡಯಾಲಿಸಿಸ್.
ಮಂಗಳವಾರ.
ಬುಧವಾರ ಭುಜಂಗರು.
ಬಟ್ಟೆಯ ತುಂಡು ಮುಟ್ಟಿ ಹೇಳುತ್ತಾರೆ,
ಇದು ಜಪಾನಿನದು, ಇದು ಮೋಸ.
ನಲವತ್ತೊಂಬತ್ತು ವರ್ಷ ಇದೇ ಓಣಿಯಲ್ಲಿ ತೋಬು ಹೊಲಿದ ಕೈ,
ಸಕ್ಕರೆ ಕಾಯಿಲೆ ತಿಂದ ಕಣ್ಣು.
ಊರಿಗೆ ಯಾಕೆ ಹೋಗಲಿಲ್ಲ ಅಂದರೆ
'ಇಲ್ಲಿಯ ಓಣಿ ಕಾಲಿಗೆ ಗೊತ್ತುಂಟು.
ಅಲ್ಲಿ ಈಗ ಎಲ್ಲಿ ಗೋಡೆ ಎಲ್ಲಿ ಗೇಟು, ಯಾರಿಗೆ ಗೊತ್ತು?'

ಕೆಂಪು ಶಾಯಿಯಲ್ಲಿ ಒಂದು ಸಾಲು, ಕಸ ಗುಡಿಸುವ ಹುಡುಗನಿಗೆ:
ಕುರ್ಚಿಯನ್ನು ಒಂದು ಗೇಣೂ ಸರಿಸಬೇಡ.

ಉಳಿದದ್ದು ಗುರುವಾರ, ಹನ್ನೊಂದು ಗಂಟೆ.
ಖರ್ಜೂರ ಬಿಡಿಸುವುದೇ, ಹಗ್ಗದ ಗಂಟೇ,
ಏಲಕ್ಕಿ ಸುಲಿಯುವುದೇ?
ಮೊನ್ನೆ ಮೋಜಾರನ್ನೇ ಕೇಳಿದೆ.
ಕಿಟಕಿಯ ಕಡೆ ತಿರುಗಿ, ನನ್ನನ್ನು ಚೆನ್ನಾಗಿ ನೋಡಿ, ಅಂದರು:
'ಒಂದು ಗಂಟೆ ನಮ್ಮಿಂದ ಏನೂ ಮಾಡಿಸಬೇಡ.
ಆ ಎ.ಸಿ. ನಿಲ್ಲಿಸು, ಯಾರು ಎಲ್ಲಿದ್ದಾರೆ ಕೇಳಿಸಲಿ.
ಬಾಗಿಲು ತೆರೆ.
ನಾವು ಜಗಳ ಆಡುತ್ತೇವೆ.'

ಚೌಕದಲ್ಲಿ ಬರೆದೆ: ಸಾಮಾಜಿಕ ಸಂವಾದ.
ಹಸಿರು ಬಣ್ಣ ಹಚ್ಚಿದೆ.